ಸಣ್ಣ ಊರಿನ ಇತಿಹಾಸ ಬರೆಯಲು ನಕ್ಷೆ, ಕಲ್ಲು, ಕಡತ, ಕೆರೆ: ಯಾವುದರಿಂದ ಏನು ತಿಳಿಯುತ್ತೆ?

ಗಡಿಕಲ್ಲು:
ಹಳೇ ಮೈಸೂರು ಸೀಮೆಯ ಒಂದು ಸಣ್ಣ ಊರಿನ ಇತಿಹಾಸ ಬರೆದು ಪುಸ್ತಕ ಮಾಡಬೇಕು ಅಂತ ಊರವರು ಸೇರಿ ತೀರ್ಮಾನ ಮಾಡಿದ್ದಾರೆ. ಕಣ್ಣಿಗೆ ಕಾಣೋದು ಇಷ್ಟು: ಒಂದು ಕೆರೆ, ಏರಿ ಕೆಳಗೆ ಎರಡು ವೀರಗಲ್ಲು (ಹೋರಾಡಿ ಸತ್ತವರ ನೆನಪಿನ ಕಲ್ಲು), ಒಂದು ಮಾಸ್ತಿಗಲ್ಲು (ಸತಿ ಹೋದವಳ ನೆನಪಿನದು), ಬಸವಣ್ಣನ ಗುಡಿ ಹಿಂದೆ ಅರ್ಧ ಹೂತಿರುವ ಬರಹದ ಕಲ್ಲು, ಊರಾಚೆ ಮಾರಮ್ಮನ ಗುಡಿ, ಅರ್ಧ ಮೈಲಿ ದೂರದಲ್ಲಿ ಹಾಳೂರು ಅಂತ ಕರೆಯುವ ದಿಬ್ಬ. ಜಿಲ್ಲಾ ಗೆಜೆಟಿಯರ್‌ನಲ್ಲಿ ಊರಿನ ಹೆಸರೇ ಇಲ್ಲ. ಹಿರಿಯರನ್ನು ಕೇಳಿದರೆ "ಗುಡಿ ಚೋಳರ ಕಾಲದ್ದು, ಕೆರೆ ಪಾಳೇಗಾರರದ್ದು" ಅಂತಾರೆ, ಅದರಾಚೆ ಮಾತು ಹೋಗಲ್ಲ. ಆಧಾರ ಇಟ್ಟು ಬರೆಯಬೇಕು. ಯಾವ ಕಚೇರಿಯಲ್ಲಿ ಏನು ಕೇಳಬೇಕು, ಕಲ್ಲು ಹೇಗೆ ಓದಿಸಬೇಕು, ಯಾವುದು ಮೊದಲು? ತಿಳಿದವರು ವಿವರವಾಗಿ ಹೇಳಿ.

ಹಳೇಪಹಣಿ:
ಮೊದಲು ಗ್ರಾಮ ನಕ್ಷೆ ತೆಗೆದುಕೊಳ್ಳಿ. ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತೆ. ಸಿಗದಿದ್ದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ ಅರ್ಜಿ ಕೊಡಿ. ಆದರೆ ಅದಕ್ಕೂ ಮುಂಚೆ ಒಂದು ಖಚಿತ ಮಾಡಿಕೊಳ್ಳಿ: ನಿಮ್ಮದು ಕಂದಾಯ ಗ್ರಾಮವೋ, ಬೇರೆ ಗ್ರಾಮದ ಮಜರೆಯೋ (ಅದರ ಲೆಕ್ಕಕ್ಕೆ ಸೇರಿದ ಸಣ್ಣ ಊರೋ)? ಮಜರೆ ಆಗಿದ್ದರೆ ಪಹಣಿ, ಆಕಾರಬಂದ್, ಜನಗಣತಿ ಎಲ್ಲವೂ ದಾಖಲೆ ಗ್ರಾಮದ ಹೆಸರಿನಲ್ಲೇ ಇರುತ್ತವೆ. ಊರಿನ ಹೆಸರಿಟ್ಟು ಹುಡುಕಿ "ದಾಖಲೆಯೇ ಇಲ್ಲ" ಅಂತ ವಾಪಸ್ ಬರುವವರಲ್ಲಿ ಹೆಚ್ಚಿನವರು ಇಲ್ಲೇ ಎಡವಿರುತ್ತಾರೆ.

ನಕ್ಷೆ ಕೈಗೆ ಬಂದ ಮೇಲೆ ಗ್ರಾಮಠಾಣಾ (ಮನೆಗಳಿರುವ ಜಾಗ), ಕೆರೆ, ಹಳ್ಳ, ಬಂಡಿದಾರಿ, ಮೂರು ಊರಿನ ಗಡಿ ಸೇರುವ ಕಲ್ಲುಗಳನ್ನು ಗುರುತು ಮಾಡಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ಹೊಲದಲ್ಲಿ ನಿಂತೇ ಸರ್ವೆ ನಂಬರ್ ನೋಡಬಹುದು. ಗಡಿಯ ಅಂಚಿನಲ್ಲಿ ಅದು ಪಕ್ಕದ ನಂಬರನ್ನು ತೋರಿಸಿಬಿಡುವುದುಂಟು, ಹಾಗಾಗಿ ಕಲ್ಲು ಇರುವ ಜಾಗವನ್ನು ನಕ್ಷೆಯ ಜೊತೆ ತಾಳೆ ನೋಡಿಯೇ ಬರೆದುಕೊಳ್ಳಿ.

ಆಮೇಲೆ ಆಕಾರಬಂದ್ ಮತ್ತು ಟಿಪ್ಪಣಿ (ಸರ್ವೆಯವರು ಹೊಲ ಅಳೆದು ಬರೆದ ಚಿತ್ರ). ಆಕಾರಬಂದ್‌ನಲ್ಲಿ ಒಂದೊಂದು ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ಇರುತ್ತೆ. ಇತಿಹಾಸ ಬರೆಯುವವರಿಗೆ ಮುಖ್ಯವಾದದ್ದು ಬ ಖರಾಬು. ಅ ಖರಾಬು ಅಂದರೆ ಬಂಡೆ, ಕಣ, ಹೊಲಮನೆಯಂಥ ಸಾಗುವಳಿಗೆ ಬಾರದ ಜಾಗ. ಬ ಖರಾಬು ಅಂದರೆ ದಾರಿ, ಹಳ್ಳ, ಕಟ್ಟೆ, ಸ್ಮಶಾನ, ಗುಡಿಯಂಥ ಸಾರ್ವಜನಿಕ ಜಾಗ. ಇವತ್ತು ಉತ್ತು ಬಿತ್ತುವ ಹೊಲದ ನಡುವೆ ನಾಲ್ಕು ಗುಂಟೆ ಬ ಖರಾಬು ಯಾಕೆ ಬಿಟ್ಟರು ಅಂತ ಕೇಳಿಕೊಂಡು ಹೋದರೆ ಅಲ್ಲೊಂದು ಮುಚ್ಚಿಹೋದ ಕಟ್ಟೆಯೋ, ಗುಡಿಯ ತಳಪಾಯವೋ ಸಿಗುವ ಸಾಧ್ಯತೆ ಇದೆ. ನಿಮ್ಮ ಹಾಳೂರು ದಿಬ್ಬದ ಸರ್ವೆ ನಂಬರಿಗೆ ಮೊದಲು ಇದನ್ನೇ ನೋಡಿ.

ಟಿಪ್ಪಣಿಯಲ್ಲಿನ ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1089 ಚದರಡಿ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಆಣೆಯನ್ನು ರೂಪಾಯಿಯ ಆಣೆ ಅಂತ ಓದಿ ಕಂದಾಯದ ಲೆಕ್ಕಕ್ಕೆ ಸೇರಿಸಬೇಡಿ.

ಗಡಿಕಲ್ಲು:
ತುಂಬಾ ಉಪಯೋಗ ಆಯ್ತು ಸರ್. ಈ ದಾಖಲೆಗಳು ಎಷ್ಟು ಹಿಂದಕ್ಕೆ ಹೋಗುತ್ತವೆ? ಊರು ಮೊದಲು ಜೋಡಿ ಗ್ರಾಮ ಆಗಿತ್ತು ಅಂತ ಹೇಳ್ತಾರೆ.

ಹಳೇಪಹಣಿ:
ಮೈಸೂರು ಸಂಸ್ಥಾನದಲ್ಲಿ ಮುಂಬೈ ಪದ್ಧತಿಯ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ತಾಲ್ಲೂಕಿನಿಂದ ತಾಲ್ಲೂಕಿಗೆ ಅದು ಮುಗಿಯಲು ದಶಕಗಳೇ ಹಿಡಿದವು. ಆಮೇಲೆ ಮರುಸರ್ವೆ ಆದ ಕಡೆ ನಂಬರ್ ಬದಲಾಗಿರಬಹುದು. ಹಳೇ ನಂಬರ್, ಹೊಸ ನಂಬರ್ ಎರಡೂ ಇರುವ ಪಟ್ಟಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಹಳೇ ಕ್ರಯಪತ್ರದಲ್ಲಿನ ನಂಬರನ್ನು ಇವತ್ತಿನ ನಕ್ಷೆಗೆ ಹೊಂದಿಸಿ ಬೇರೆಯೇ ಹೊಲಕ್ಕೆ ಹೋಗಿ ನಿಲ್ಲುತ್ತೀರಿ.

ಜೋಡಿ ಗ್ರಾಮ ಅಂದರೆ ಇನಾಂ ಊರು. ಪೂರ್ತಿ ಕಂದಾಯದ ಬದಲು ಇನಾಂದಾರರು ಸರ್ಕಾರಕ್ಕೆ ಜೋಡಿ ಅನ್ನುವ ಕಡಿಮೆ ಮೊತ್ತ ಕಟ್ಟುತ್ತಿದ್ದರು. ಏನೂ ಕಟ್ಟದಿದ್ದರೆ ಅದು ಸರ್ವಮಾನ್ಯ. ಇಂಥ ಊರುಗಳಲ್ಲಿ ರೈತರ ಲೆಕ್ಕ ಇನಾಂದಾರರ ಮನೆಯಲ್ಲೇ ಇರುತ್ತಿದ್ದರಿಂದ ಸರ್ಕಾರದ ದಾಖಲೆ ತೆಳು. ನೀವು ನೋಡಬೇಕಾದ್ದು ರದ್ಧತಿಯ ಕಡತ. ವ್ಯಕ್ತಿಗತ ಮತ್ತು ಇತರೆ ಇನಾಂಗಳಿಗೆ 1954ರ ಕಾಯ್ದೆ, ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳಿಗೆ 1955ರ ಕಾಯ್ದೆ. ಆ ಹೊತ್ತಿಗೆ ಯಾವ ಹೊಲ ಯಾರ ಸಾಗುವಳಿಯಲ್ಲಿತ್ತು, ಅವರು ಯಾವ ಬಗೆಯ ಗೇಣಿದಾರರು, ಏನು ಆಧಾರ ಹಾಜರುಪಡಿಸಿದರು ಅನ್ನೋದೆಲ್ಲ ಆ ಕಡತದಲ್ಲಿ ಇರುತ್ತೆ. ಕೆಲವರು ಹಾಜರುಪಡಿಸಿದ ಆಧಾರದಲ್ಲಿ ಹಳೇ ಸನ್ನದಿನ (ಇನಾಂ ಕೊಟ್ಟ ಪತ್ರದ) ನಕಲೂ ಸೇರಿರುತ್ತೆ.

ಪಟೇಲ, ಶಾನುಭೋಗ (ಊರಿನ ಲೆಕ್ಕ ಬರೆಯುವವರು), ತಳವಾರ, ತೋಟಿ (ಊರಿನ ಕಾವಲು, ಓಡಾಟದ ಕೆಲಸದವರು), ನೀರುಗಂಟಿ (ಕೆರೆ ನೀರು ಬಿಡುವವರು) ಇವರ ಸೇವಾ ಇನಾಂ ಜಮೀನುಗಳದ್ದು ಬೇರೆ ದಾರಿ. ಗ್ರಾಮಾಧಿಕಾರಗಳ ರದ್ಧತಿ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರಲ್ಲಿ. ಆ ಜಮೀನು ಅವರಿಗೇ ಮರುಮಂಜೂರಾದ ಆದೇಶದಲ್ಲಿ ಯಾವ ಕೆಲಸಕ್ಕೆ ಎಷ್ಟು ಭೂಮಿ ಬಿಟ್ಟಿದ್ದರು ಅಂತ ಗೊತ್ತಾಗುತ್ತೆ. ರಾಜರ ಇತಿಹಾಸದಲ್ಲಿ ಎಲ್ಲೂ ಹೆಸರಿಲ್ಲದ ತೋಟಿ, ನೀರುಗಂಟಿ ಮನೆತನಗಳು ಸಿಗೋದು ಇಲ್ಲೇ. ನಿಮ್ಮ ಪುಸ್ತಕದಲ್ಲಿ ಇದಕ್ಕೊಂದು ಪೂರ್ತಿ ಅಧ್ಯಾಯ ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಅದಾದ ಮೇಲಿನ ದೊಡ್ಡ ಬದಲಾವಣೆ 1974ರ ಭೂಸುಧಾರಣೆ ತಿದ್ದುಪಡಿ. ಅದಕ್ಕೆ ಗೇಣಿದಾರರು ಭೂಮಿಯ ಹಕ್ಕು ಕೇಳಿ ಸಲ್ಲಿಸಿದ ಫಾರಂ ನಂಬರ್ 7ರ ಅರ್ಜಿಗಳನ್ನೂ, ಭೂನ್ಯಾಯ ಮಂಡಳಿಯ ಆದೇಶಗಳನ್ನೂ ಕೇಳಿ.

ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ "ನಮ್ಮೂರಿನ ಎಲ್ಲ ಹಳೇ ದಾಖಲೆ ಕೊಡಿ" ಅಂತ ಅರ್ಜಿ ಬರೆದರೆ ಕೊಡಲಾಗದು ಅಂತ ಹಿಂಬರಹ ಕೊಟ್ಟು ಕಳಿಸುತ್ತಾರೆ. ಗ್ರಾಮ, ಹೋಬಳಿ, ಸರ್ವೆ ನಂಬರ್, ದಾಖಲೆಯ ಹೆಸರು, ಅಂದಾಜು ವರ್ಷ ಇಷ್ಟನ್ನೂ ಬರೆದು, ಒಂದು ಅರ್ಜಿಗೆ ಒಂದೇ ಬಗೆಯ ದಾಖಲೆ ಕೇಳಿ. 1950ಕ್ಕಿಂತ ಹಿಂದಿನ ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಅದರ ಮೈಸೂರಿನ ವಿಭಾಗೀಯ ಕಚೇರಿ. ಅಲ್ಲಿ ಊರಿನ ಹೆಸರಿಗಿಂತ ಇಲಾಖೆ ಮತ್ತು ವರ್ಷದ ಮೇಲೆ ಹುಡುಕಬೇಕು: ಕಂದಾಯ, ಮುಜರಾಯಿ, ಲೋಕೋಪಯೋಗಿ, ಹೀಗೆ.

ಬಳಪ:
ಮೇಲಿನದ್ದೆಲ್ಲ ಸರಿ, ಆದರೆ ಕ್ರಮಕ್ಕೆ ನನ್ನ ಒಪ್ಪಿಗೆ ಇಲ್ಲ. ಕಡತ ಇನ್ನು ಹತ್ತು ವರ್ಷವೂ ಅಲ್ಲೇ ಇರುತ್ತೆ. ಎಂಬತ್ತು ದಾಟಿದ ಹಿರಿಯರು ಇರಲ್ಲ. ಮೊದಲ ತಿಂಗಳು ಪೂರ್ತಿ ಅವರಿಗೆ ಮೀಸಲಿಡಿ.

ಕೇಳುವ ರೀತಿ ಮುಖ್ಯ. "ಊರಿನ ಇತಿಹಾಸ ಹೇಳಿ" ಅಂದರೆ ಎಲ್ಲರೂ ಚೋಳರು, ಪಾಂಡವರು, ಜಕಣಾಚಾರಿ ಅಂತಲೇ ಹೇಳೋದು. ಕೆರೆ ತುಂಬಿ ಕೋಡಿ ಬಿದ್ದಾಗ ಗದ್ದೆಗೆ ನೀರು ಯಾರು ಬಿಡುತ್ತಿದ್ದರು, ಅವರಿಗೆ ಕಣದಲ್ಲಿ ಎಷ್ಟು ಕೊಳಗ ಕೊಡುತ್ತಿದ್ದರು, ಯಾವ ಬಾವಿಗೆ ಯಾರು ಹೋಗುವಂತಿರಲಿಲ್ಲ, ಮಾರಿಹಬ್ಬದಲ್ಲಿ ಮೊದಲ ಆರತಿ ಯಾವ ಮನೆಯದ್ದು, ಸಂತೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದರು, ಹೀಗೆ ಒಂದೊಂದೇ ಕೇಳಿ. ಹೆಂಗಸರನ್ನು ಬೇರೆಯಾಗಿ, ಹೆಂಗಸರೇ ಕೇಳುವಂತೆ ಮಾಡಿ. ಯಾವ ಊರಿನಿಂದ ಹೆಣ್ಣು ತಂದರು, ಎಲ್ಲಿಗೆ ಕೊಟ್ಟರು ಅನ್ನೋ ಲೆಕ್ಕ ಅವರ ಬಾಯಲ್ಲೇ ಇರೋದು. ಹಳೇ ಊರುಗಳ ನಡುವಿನ ಸಂಬಂಧ ಅದರಿಂದಲೇ ತಿಳಿಯುತ್ತೆ.

ವಯಸ್ಸು, ಇಸವಿ ಕೇಳಿದರೆ ತಪ್ಪು ಉತ್ತರ ಬರುತ್ತೆ. ಗೊತ್ತಿರುವ ಘಟನೆಗೆ ಕಟ್ಟಿ ಕೇಳಿ: 1947ರ ಮೈಸೂರು ಚಲೋಗೆ ಮುಂಚೆಯೋ ಆಮೇಲೋ, 1956ರ ಏಕೀಕರಣದ ಹೊತ್ತಿಗೆ ಶಾಲೆಗೆ ಹೋಗುತ್ತಿದ್ದಿರಾ, ಊರಿಗೆ ಕರೆಂಟ್ ಬರೋ ಮುಂಚೆಯೋ. ಮಂಡ್ಯದ ಕಡೆಯಾದರೆ ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದ ವರ್ಷವೇ ಒಳ್ಳೆ ಗುರುತು. ಶಾಲೆಯ ದಾಖಲಾತಿ ವಹಿಯಲ್ಲಿ ಹೆಸರು, ತಂದೆಯ ಕಸುಬು ಸಿಗುತ್ತೆ, ಆದರೆ ಅಲ್ಲಿನ ಜನ್ಮದಿನಾಂಕವನ್ನು ನೆಚ್ಚಬೇಡಿ. ಮೇಷ್ಟ್ರು ಅಂದಾಜಿನಲ್ಲಿ ಬರೆದ ಜೂನ್ 1, ಜುಲೈ 1 ಸಾಲುಸಾಲಾಗಿ ಇರುತ್ತವೆ.

ಇನ್ನೆರಡು ಮೂಲಗಳನ್ನು ಬಿಡಬೇಡಿ. ಒಂದು, ಹೆಳವರು. ಸುಗ್ಗಿಯಾದ ಮೇಲೆ ಊರಿಗೆ ಬಂದು ವಂಶಾವಳಿ ಹೇಳುವವರು. ಅವರ ಪುಸ್ತಕದಲ್ಲಿ ಮೂಲಪುರುಷ ಯಾವ ಊರಿಂದ ಬಂದ, ಎಷ್ಟು ಮಕ್ಕಳು, ಯಾರು ಎಲ್ಲಿಗೆ ವಲಸೆ ಹೋದರು ಅಂತ ಇರುತ್ತೆ. ಅವರು ಹೇಳುವುದು ತಮಗೆ ಒಕ್ಕಲಾದ ಮನೆತನಗಳ ಕಥೆ, ಇಡೀ ಊರಿನದಲ್ಲ. ಹಳೇ ತಲೆಮಾರುಗಳಿಗೆ ಹೋದಂತೆ ಹೊಗಳಿಕೆ ಹೆಚ್ಚು. ಈಚಿನ ನಾಲ್ಕೈದು ತಲೆಮಾರನ್ನು ಪಹಣಿ, ಕ್ರಯಪತ್ರದ ಹೆಸರುಗಳ ಜೊತೆ ತಾಳೆ ಹಾಕಿ.

ಎರಡು, ಬಟ್ಟೆಯ ಕಡತ. ಕಚೇರಿಯ ಫೈಲ್ ಅಲ್ಲ. ಶಾನುಭೋಗರ ಮನೆಯ ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಇದ್ದರೆ ಅದೇ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆದದ್ದು. ಧೂಳು ಅಂತ ಬಟ್ಟೆಯಲ್ಲಿ ಒರೆಸಿದರೆ ಬರಹವೇ ಹೋಯಿತು. ಮಡಿಕೆಯನ್ನು ಹಿಮ್ಮುಖ ಬಗ್ಗಿಸಿದರೆ ಲೇಪ ಸಿಡಿದು ಬೀಳುತ್ತೆ. ಅಗಲವಾದ ಹಲಗೆಯ ಮೇಲೆ ಒಂದೊಂದೇ ಮಡಿಕೆ ಬಿಚ್ಚಿ, ಫ್ಲ್ಯಾಶ್ ಹಾಕದೆ, ಕಿಟಕಿಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಬರಹ ಮೋಡಿ ಅಕ್ಷರದಲ್ಲಿ (ಕೂಡಿಸಿ ಬರೆಯುವ ಹಳೇ ಬರಹದಲ್ಲಿ) ಇದ್ದರೆ ಓದಬಲ್ಲವರು ಸಿಗೋವರೆಗೆ ಅರ್ಥ ಊಹಿಸಿ ಬರೆಯಬೇಡಿ.

ಗಡಿಕಲ್ಲು:
ಹಿರಿಯರ ಪಟ್ಟಿ ಇವತ್ತೇ ಮಾಡ್ತೀವಿ. ಬರಹದ ಕಲ್ಲಿನ ವಿಷಯ ಹೇಳಿ. ಅರ್ಧ ಮಣ್ಣಲ್ಲಿದೆ. ಹುಡುಗರು ಅಗೆದು ನಿಲ್ಲಿಸೋಣ, ಬಣ್ಣ ಬಳಿಯೋಣ ಅಂತಿದ್ದಾರೆ.

ಶಾಸನಾಸಕ್ತ:
ದಯವಿಟ್ಟು ಎರಡೂ ಬೇಡ. ಆಯಿಲ್ ಪೇಂಟ್ ಒಮ್ಮೆ ಅಕ್ಷರದ ಗೀರಿಗೆ ಇಳಿದರೆ ತೆಗೆಯಲು ರಾಸಾಯನಿಕ ಬೇಕಾಗುತ್ತೆ, ಅದು ಕಲ್ಲಿನ ಮೈಯನ್ನೂ ತಿನ್ನುತ್ತೆ. ಬೇರುಸಮೇತ ಅಗೆದು ಎತ್ತಿದರೆ ಕಲ್ಲು ಎಲ್ಲಿ, ಯಾವ ದಿಕ್ಕಿಗೆ ನಿಂತಿತ್ತು ಅನ್ನೋ ಮಾಹಿತಿ ಹೋಗುತ್ತೆ. ಜೊತೆಗೆ "ನಿಧಿ ತೆಗೆದರು" ಅನ್ನೋ ಸುದ್ದಿ ಹಬ್ಬಿ ಕಳ್ಳರು ಬರುತ್ತಾರೆ. ಪಂಚಾಯ್ತಿಯ ಪತ್ರ ಇಟ್ಟು ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೆ ತಿಳಿಸಿ, ಅವರ ಎದುರಲ್ಲೇ ಮಣ್ಣು ಬಿಡಿಸಲಿ.

ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಬೇಕಾದಷ್ಟಿದೆ. ಮೊದಲು ಈ ಶಾಸನ ಈಗಾಗಲೇ ಪ್ರಕಟವಾಗಿದೆಯೇ ನೋಡಿ. ಬಿ. ಎಲ್. ರೈಸ್ ಅವರು ಜಿಲ್ಲಾವಾರು ಶಾಸನ ಸಂಗ್ರಹಿಸಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲನೆಯದು ಕೊಡಗಿನದ್ದು, 1886ರದ್ದು. ಮೈಸೂರಿಗೆ 3 ಮತ್ತು 4, ಹಾಸನಕ್ಕೆ 5, ಚಿಕ್ಕಮಗಳೂರಿಗೆ 6, ಶಿವಮೊಗ್ಗಕ್ಕೆ 7 ಮತ್ತು 8, ಬೆಂಗಳೂರಿಗೆ 9, ಕೋಲಾರಕ್ಕೆ 10, ಚಿತ್ರದುರ್ಗಕ್ಕೆ 11, ತುಮಕೂರಿಗೆ 12. ಇವತ್ತಿನ ಜಿಲ್ಲೆಯ ಹೆಸರಲ್ಲಿ ಹುಡುಕಬೇಡಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಹಾಗಾಗಿ ಅದರ ಊರುಗಳು ಮೈಸೂರಿನ ಸಂಪುಟಗಳಲ್ಲಿವೆ. 2007ರಲ್ಲಿ ಆದ ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳು ಕೋಲಾರದ್ದರಲ್ಲಿ, ರಾಮನಗರದ್ದು (2025ರಿಂದ ಬೆಂಗಳೂರು ದಕ್ಷಿಣ ಜಿಲ್ಲೆ) ಬೆಂಗಳೂರಿನದ್ದರಲ್ಲಿ. ತಾಲ್ಲೂಕಿನ ಹೆಸರೂ ಬೇರೆ: ಕೃಷ್ಣರಾಜನಗರ ಆಗ ಎಡತೊರೆ, ಕನಕಪುರ ಆಗ ಕಾನಕಾನಹಳ್ಳಿ.

ಊರ ಹೆಸರಿನಿಂದ ಹುಡುಕುವವರು ತಪ್ಪಿಸಿಕೊಳ್ಳೋದು ಇನ್ನೊಂದಿದೆ. ಒಂದು ಶಾಸನದ ತಲೆಬರಹದಲ್ಲಿ ಊರ ಹೆಸರು ಕೊಟ್ಟ ಮೇಲೆ ಮುಂದಿನದ್ದಕ್ಕೆ "ಅದೇ ಗ್ರಾಮದ ಕೆರೆ ಏರಿ ಬಳಿ" ಅಂತ ಮಾತ್ರ ಬರೆದಿರುತ್ತಾರೆ. ಆದ್ದರಿಂದ ನಿಮ್ಮ ಹೋಬಳಿಯ ಪುಟಗಳನ್ನು ಪೂರ್ತಿ ಓದಿ. ರೈಸ್ ಅವರ ನಂತರ ಸಿಕ್ಕ ಕಲ್ಲುಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳಲ್ಲಿ ಎಷ್ಟೋ ಹೊಸ ಶಾಸನಗಳು ಸೇರಿವೆ, ಆದರೆ ಸಂಪುಟದ ಸಂಖ್ಯೆಯೂ ಶಾಸನದ ಸಂಖ್ಯೆಯೂ ಬದಲಾಗಿವೆ. ಉಲ್ಲೇಖಿಸುವಾಗ ಹಳೇದೋ ಹೊಸದೋ ಅಂತ ಬರೆಯಲೇಬೇಕು.

ಕಲ್ಲು ಸ್ವಚ್ಛ ಮಾಡಲು ಬರೀ ನೀರು, ಮೆತ್ತನೆಯ ತೆಂಗಿನ ನಾರು ಅಥವಾ ಪ್ಲಾಸ್ಟಿಕ್ ಎಳೆಯ ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್, ಸೋಪಿನ ಪುಡಿ ಬೇಡ. ಅಕ್ಷರ ಕಾಣಲಿ ಅಂತ ಮೈದಾ, ರಾಗಿ ಹಿಟ್ಟು ಸವರುವುದೂ ಬೇಡ. ಗೀರಲ್ಲಿ ಉಳಿದ ಹಿಟ್ಟಿಗೆ ಇರುವೆ, ಬೂಷ್ಟು ಬರುತ್ತೆ. ರಾತ್ರಿ ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಮ್ಮಿ ತಾಗಿಸಿದಂತೆ ಓರೆಯಾಗಿ ಹಿಡಿದು ಎಡ, ಬಲ, ಮೇಲೆ, ಕೆಳಗೆ ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಬೇರೆಬೇರೆ ಫೋಟೊ ತೆಗೆಯಿರಿ. ಎಡದ ಬೆಳಕಿನಲ್ಲಿ ನಿಂತ ಗೆರೆ ಎದ್ದು ಕಾಣುತ್ತೆ, ಮೇಲಿನ ಬೆಳಕಿನಲ್ಲಿ ಮಲಗಿದ ಗೆರೆ. ಒಂದೇ ಫೋಟೊ ನಂಬಿ ಓದಿದರೆ ಪ, ವ, ಮ ಅದಲುಬದಲಾಗುತ್ತವೆ. ಕ್ಯಾಮೆರಾ ಅಲುಗದಂತೆ ಸ್ಟ್ಯಾಂಡ್ ಬಳಸಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ.

ಪಡಿಯಚ್ಚನ್ನು (ಕಲ್ಲಿನ ಬರಹ ಕಾಗದದ ಮೇಲೆ ಮೂಡಿಸಿದ ಪ್ರತಿಯನ್ನು) ಕಲಿತವರಿಂದಲೇ ತೆಗೆಸಿ. ಒದ್ದೆ ಮಾಡಿದ ಕಲ್ಲಿಗೆ ಕಾಗದ ಹಚ್ಚಿ, ನಡುವಿನಿಂದ ಅಂಚಿಗೆ ಬ್ರಷ್‌ನಲ್ಲಿ ತಟ್ಟುತ್ತಾ ಗಾಳಿ ಹೊರದಬ್ಬಿ, ಅರೆ ಒಣಗಿದಾಗ ಮಸಿಯ ಗಂಟಿನಿಂದ ಹಗುರವಾಗಿ ಒತ್ತಬೇಕು. ಕಾಗದ ತೀರ ಒದ್ದೆ ಇದ್ದರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತೆ, ತೀರ ಒಣಗಿದರೆ ಎದ್ದು ಬರುತ್ತೆ, ಮಸಿ ಹೆಚ್ಚಾದರೆ ಸಣ್ಣ ಗೀರುಗಳು ಮುಚ್ಚಿಹೋಗುತ್ತವೆ. ಮೈಸೂರಿನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗವೇ ಇದೆ. ಬೆಂಗಳೂರಿನ ಸುತ್ತಲಿನ ಊರಾದರೆ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ನಡೆಸಿದ್ದಾರೆ. ಕಲ್ಲನ್ನು ಮುಟ್ಟದೆ ದಾಖಲಿಸಲು ಅದು ಒಳ್ಳೆಯ ದಾರಿ.

ಹಳೇಪಹಣಿ:
ಕಾಲ ಲೆಕ್ಕ ಹಾಕೋದನ್ನೂ ಹೇಳಿಬಿಡಿ. ಶಕವರ್ಷಕ್ಕೆ 78 ಕೂಡಿಸಿ ಮುಗಿಸುವವರೇ ಹೆಚ್ಚು.

ಶಾಸನಾಸಕ್ತ:
78 ಕೂಡಿಸೋದು ಮೊದಲ ಹೆಜ್ಜೆ ಮಾತ್ರ. ಮಾಘ, ಫಾಲ್ಗುಣದ ತಿಥಿಯಾದರೆ ಕ್ರಿಸ್ತವರ್ಷ ಮುಂದಕ್ಕೆ ಬಿದ್ದಿರುತ್ತೆ, 79 ಕೂಡಿಸಬೇಕು. ಪುಷ್ಯವಾದರೆ ತಿಥಿ ನೋಡಿ ನಿರ್ಧರಿಸಬೇಕು. ಆಮೇಲೆ ಸಂವತ್ಸರ ಹೊಂದುತ್ತದೆಯೇ ನೋಡಿ: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆ ಬಂದರೆ ಅಕ್ಷಯ.

ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು ಇದಕ್ಕೆ ಒಳ್ಳೇ ಉದಾಹರಣೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿನ ಕಲ್ಲು ಅದು. ಅಲ್ಲಿ ಶಕ 872, ಸೌಮ್ಯ ಸಂವತ್ಸರ ಅಂತಿದೆ. 872ಕ್ಕೆ 12 ಕೂಡಿಸಿದರೆ 884, ಶೇಷ 44, ಅಂದರೆ ಸಾಧಾರಣ. ಸೌಮ್ಯ 43ನೆಯದು. ಒಂದು ವರ್ಷದ ವ್ಯತ್ಯಾಸ ಬಂತು. ಕಲ್ಲಿನಲ್ಲಿ ನಡೆಯುತ್ತಿದ್ದ ವರ್ಷವನ್ನು ಎಣಿಸಿದ್ದಾರೆ, ನಮ್ಮ ಸೂತ್ರ ಕಳೆದ ವರ್ಷದ್ದು, ಅಂದರೆ ಪೂರ್ತಿ ಮುಗಿದ ವರ್ಷಗಳನ್ನು ಮಾತ್ರ ಎಣಿಸುವಂಥದ್ದು. ಕಳೆದ ವರ್ಷ 871 ಅಂತ ಹಿಡಿದರೆ ಎಲ್ಲ ಹೊಂದುತ್ತೆ: ಕ್ರಿ.ಶ. 949-50. ನಿಮ್ಮ ಕಲ್ಲಿನಲ್ಲೂ ಒಂದು ವರ್ಷದ ವ್ಯತ್ಯಾಸ ಬಂದರೆ ಗಾಬರಿ ಬೇಡ, ಸಂವತ್ಸರವನ್ನೇ ಹಿಡಿಯಿರಿ. ಹತ್ತಾರು ವರ್ಷ ವ್ಯತ್ಯಾಸ ಬಂದರೆ ಅಂಕಿ ತಪ್ಪಾಗಿ ಓದಿದ್ದೀರಿ ಅಂತಲೇ ಅರ್ಥ, ಮತ್ತೆ ಫೋಟೊ ನೋಡಿ. ಬರೀ ಸಂವತ್ಸರ ಇದ್ದು ಶಕವರ್ಷ ಇಲ್ಲದಿದ್ದರೆ ಅದು 60 ವರ್ಷಕ್ಕೊಮ್ಮೆ ಬರುವುದರಿಂದ ಅರಸನ ಹೆಸರು, ಲಿಪಿ ಇವುಗಳಿಂದ ಯಾವ ಸುತ್ತು ಅಂತ ನಿರ್ಧರಿಸಬೇಕು. ಓದು ಬರೆದುಕೊಳ್ಳುವಾಗ ಹಳಗನ್ನಡದ ಱ, ೞ ಅಕ್ಷರಗಳಿದ್ದರೆ ಹಾಗೆಯೇ ಬರೆಯಿರಿ. ರ, ಳ ಅಂತ ತಿದ್ದಿದರೆ ಕಾಲ ಹೇಳುವ ಒಂದು ಸಾಕ್ಷಿ ಕಳೆದಂತೆ.

ಇನ್ನು ಬರಹ ಇಲ್ಲದ ಕಲ್ಲುಗಳು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ಕಾಳಗದ ಪಟ್ಟಿಯಲ್ಲಿ ದನಗಳಿದ್ದರೆ ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಕಾಳಗ. ಅಕ್ಷರಗಳು ಪಟ್ಟಿಗಳ ನಡುವಿನ ದಿಂಡಿನಲ್ಲಿ ಇರುತ್ತವೆ, ಕೆಳಗಿನ ದಿಂಡು ಮಣ್ಣಲ್ಲಿದ್ದರೆ "ಬರಹ ಇಲ್ಲ" ಅಂತ ಬರೆಯಬೇಡಿ. ಮಾಸ್ತಿಗಲ್ಲಿನ ಗುರುತು ಮೇಲೆತ್ತಿದ ಕೈ, ಬಳೆ, ನಿಂಬೆಹಣ್ಣು. ಹೊಲದ ಬದುಗಳನ್ನೂ ನಡೆದು ನೋಡಿ: ಲಿಂಗಮುದ್ರೆ ಕಲ್ಲು ಶಿವನ ಗುಡಿಗೆ ಬಿಟ್ಟ ಭೂಮಿಯ ಎಲ್ಲೆ, ಮುಕ್ಕೊಡೆ (ಮೂರು ಕೊಡೆ) ಕಲ್ಲು ಜೈನ ಬಸದಿಯದ್ದು, ಕೊಡೆ ಹಿಡಿದ ವಾಮನನಿದ್ದರೆ ಬ್ರಾಹ್ಮಣರಿಗೆ ಬಿಟ್ಟದ್ದು. ಸಿಕ್ಕ ಎಲ್ಲ ಮುದ್ರೆಗಲ್ಲುಗಳನ್ನು ಗ್ರಾಮ ನಕ್ಷೆಯ ಮೇಲೆ ಚುಕ್ಕಿ ಇಟ್ಟು ನೋಡಿದರೆ ಹಳೇ ದತ್ತಿಯ ಎಲ್ಲೆಯೇ ಕಾಣಿಸಬಹುದು.

ಗಡಿಕಲ್ಲು:
ಹಾಗಾದರೆ "ಚೋಳರ ಕಾಲ" ಅನ್ನೋದನ್ನು ಪೂರ್ತಿ ಬಿಟ್ಟುಬಿಡೋದಾ?

ಶಾಸನಾಸಕ್ತ:
ಬಿಡೋದೂ ಬೇಡ, ನಂಬೋದೂ ಬೇಡ. ಹನ್ನೊಂದನೇ ಶತಮಾನದ ಮೊದಲಿಗೆ ತಲಕಾಡು ಚೋಳರ ಕೈಗೆ ಹೋದ ಮೇಲೆ, ಸುಮಾರು 1116ರಲ್ಲಿ ವಿಷ್ಣುವರ್ಧನ ಅದನ್ನು ಗೆಲ್ಲುವವರೆಗೆ ಗಂಗವಾಡಿಯಲ್ಲಿ ಅವರದ್ದೇ ಆಡಳಿತ. ಕೋಲಾರ, ಬೆಂಗಳೂರು, ಮೈಸೂರಿನ ಕಡೆ ತಮಿಳು ಶಾಸನಗಳು ಸಾಕಷ್ಟಿವೆ. ನಿಮ್ಮ ಕಲ್ಲಿನ ಲಿಪಿ ಕನ್ನಡದಂತೆ ಕಾಣದಿದ್ದರೆ ತಮಿಳು, ಗ್ರಂಥ ಬಲ್ಲವರಿಗೆ ತೋರಿಸಿ. ಆದರೆ ಹಳೇ ಕಲ್ಲುಗುಡಿ ಯಾವುದೇ ಇರಲಿ ಅದಕ್ಕೆ ಚೋಳರ ಹೆಸರು ಹೇಳುವುದು ನಮ್ಮ ಕಡೆ ರೂಢಿ. ಗುಡಿಯೊಂದರ ಗರ್ಭಗುಡಿ ಒಂದು ಕಾಲದ್ದು, ಮುಖಮಂಟಪ ವಿಜಯನಗರ ಕಾಲದ್ದು, ಗೋಪುರ ಈಚಿನದ್ದು ಆಗಿರುವುದು ಸಾಮಾನ್ಯ. ಒಂದೊಂದು ಭಾಗಕ್ಕೂ ಬೇರೆಬೇರೆ ಕಾಲ ಬರೆಯಿರಿ.

ಅಚ್ಚುಕಟ್ಟು:
ಕೆರೆ ವಿಷಯ ಯಾರೂ ಎತ್ತಲಿಲ್ಲ. ಊರಿಗಿಂತ ಕೆರೆ ಹಳೆಯದಾಗಿರುವ ಸಾಧ್ಯತೆ ಇರುತ್ತೆ, ಅದನ್ನು ಓದೋದಕ್ಕೂ ಕ್ರಮ ಇದೆ.

ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ನೇರ ಏರಿ ಒಂದು ಕಡೆ ಇದ್ದಕ್ಕಿದ್ದಂತೆ ಬಿಲ್ಲಿನಂತೆ ಬಾಗಿದ್ದರೆ ಅಲ್ಲಿ ಹಿಂದೆ ಏರಿ ಒಡೆದಿತ್ತು ಅಂತ ಅನುಮಾನಿಸಿ. ಒಡೆದಾಗ ನೀರು ಕೊರೆದ ಗುಂಡಿಯನ್ನು ತುಂಬುವುದು ಕಷ್ಟವಾದ್ದರಿಂದ ಅದನ್ನು ಸುತ್ತು ಹಾಕಿ ಹೊಸ ಏರಿ ಕಟ್ಟುತ್ತಿದ್ದರು. ಅದೇ ಜಾಗದ ಕೆಳಗಿನ ಗದ್ದೆಯಲ್ಲಿ ಮರಳು ಸಿಕ್ಕರೆ ಇನ್ನೂ ಖಚಿತ. ಏರಿ ಒಡೆಯಲು ಕಾರಣ ಹೆಚ್ಚಾಗಿ ಎರಡು: ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಕಟ್ಟಿಕೊಂಡು ನೀರು ಏರಿ ಮೇಲೆ ಹರಿಯೋದು, ಅಥವಾ ಗದ್ದೆಗೆ ನೀರು ಬಿಡುವ ತೂಬಿನ ಕೊಳವೆಯ ಪಕ್ಕ ನೀರು ಸೋರಿ ಮಣ್ಣು ಒಳಗಿಂದೊಳಗೇ ಹೋಗೋದು. ಆದ್ದರಿಂದ ಹಳೇ ತೂಬಿನ ಹತ್ತಿರದ ಬಾಗುವಿಕೆಯನ್ನು ಮೊದಲು ನೋಡಿ.

ಬೇಸಿಗೆಯಲ್ಲಿ ನೀರು ಇಳಿದಾಗ ತೂಬಿನ ಕಲ್ಲುಕಂಬ ಎರಡೂ, ಅದರ ಅಡ್ಡಪಟ್ಟಿಗಳೂ ಕಾಣುತ್ತವೆ. ಗಜಲಕ್ಷ್ಮಿ ಇರುವ ಅಡ್ಡಪಟ್ಟಿ, ಕಂಬದ ಒಳಮೈ, ಕೋಡಿಯ ಹಾಸುಗಲ್ಲು ಈ ಮೂರು ಕಡೆ ಅಕ್ಷರ ಹುಡುಕಿ. ಶಾಸನದಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನೋ ಪದ ಬಂದರೆ ಅದು ಕೆರೆ ಕಟ್ಟಿದ್ದಕ್ಕೆ ಅಥವಾ ದುರಸ್ತಿಗೆ ಬಿಟ್ಟ ಭೂಮಿ. ದುರಸ್ತಿಯ ಶಾಸನ ಓದಿ "ಕೆರೆ ಕಟ್ಟಿದ ವರ್ಷ" ಅಂತ ಹಾಕೋದು ದೊಡ್ಡ ತಪ್ಪು. ಪಾಳೇಗಾರರು ಕಟ್ಟಿಸಿದ್ದು ಅನ್ನೋ ಮಾತು ಹುಟ್ಟಿರೋದೂ ದುರಸ್ತಿಯಿಂದಲೇ ಇರಬಹುದು.

ಒಂದೇ ಕೆರೆ ನೋಡಿದರೆ ಸಾಲದು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನದಕ್ಕೆ ಬರುವ ಸರಣಿ ಇರುತ್ತೆ, ಅಕ್ಕಪಕ್ಕದ ಊರಿನ ಶಾಸನದಲ್ಲಿ ಎಲ್ಲೆ ಹೇಳುವಾಗ ನಿಮ್ಮ ಕೆರೆಯ ಹೆಸರು ಬಂದಿರಬಹುದು. ಅಚ್ಚುಕಟ್ಟು (ಕೆರೆ ನೀರು ಉಣ್ಣುವ ಜಮೀನು) 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ದಾಖಲೆ ಸಣ್ಣ ನೀರಾವರಿ ಇಲಾಖೆಯಲ್ಲಿ, ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆ. ಹಳೇ ಲೆಕ್ಕದಲ್ಲಿ ಗದ್ದೆಯ ಅಳತೆ ಖಂಡುಗ, ಕೊಳಗದಲ್ಲಿ ಇರುತ್ತೆ, 20 ಕೊಳಗಕ್ಕೆ ಒಂದು ಖಂಡುಗ. ಅದು ಬಿತ್ತನೆ ಬೀಜದ ಮೇಲಿನ ಅಳತೆ, ಆದ್ದರಿಂದ ಗದ್ದೆಯ ಖಂಡುಗವೇ ಬೇರೆ, ಹೊಲದ ಖಂಡುಗವೇ ಬೇರೆ. ಎರಡನ್ನೂ ಒಂದೇ ಎಕರೆ ಲೆಕ್ಕಕ್ಕೆ ಇಳಿಸಬೇಡಿ.

ಗಡಿಕಲ್ಲು:
ಕೊನೆಯದಾಗಿ ಹಾಳೂರು ದಿಬ್ಬ. ಊರು ಅಲ್ಲಿಂದ ಇಲ್ಲಿಗೆ ಯಾಕೆ, ಯಾವಾಗ ಬಂತು ಅಂತ ತಿಳಿಯೋದು ಹೇಗೆ?

ಬಳಪ:
ನಮ್ಮ ಸೀಮೆಯಲ್ಲಿ ಊರು ಖಾಲಿಯಾಗಲು ಎರಡು ದೊಡ್ಡ ಕಾರಣ ದಾಖಲೆಯಲ್ಲೇ ಇವೆ. ಒಂದು, ಜನ ಧಾತು ಬರ ಅಂತ ನೆನೆಯುವ 1876-78ರ ಕ್ಷಾಮ. ಧಾತು ಸಂವತ್ಸರ 1876-77, ಈಶ್ವರ ಅದರ ಮುಂದಿನದ್ದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇನ್ನೊಂದು, 1898ರಲ್ಲಿ ಬೆಂಗಳೂರಿಗೆ ಬಂದು ಸಂಸ್ಥಾನದಲ್ಲಿ ಹರಡಿದ ಪ್ಲೇಗ್. ಇಲಿ ಸತ್ತ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು, ಕೆಲವೆಡೆ ಆ ಗುಡಿಸಲೇ ಊರಾಯಿತು. ಪ್ಲೇಗಿನ ಅಮ್ಮನ ಗುಡಿ ಇದೆಯೇ, ಮಾರಮ್ಮನನ್ನು ಅಲ್ಲಿ ಯಾವಾಗ ಪ್ರತಿಷ್ಠೆ ಮಾಡಿದರು ಅಂತ ಕೇಳಿ.

ಹಾಳೂರಲ್ಲಿ ಕರುವುಗಲ್ಲು ಇದೆಯೇ ಹುಡುಕಿ. ಊರು ಕಟ್ಟುವಾಗ ನೆಟ್ಟು ಪೂಜಿಸುವ ಕಲ್ಲು ಅದು. ಹಬ್ಬದ ದಿನ ಈಗಲೂ ಅಲ್ಲಿಗೆ ಹೋಗಿ ಮೊದಲ ಪೂಜೆ ಮಾಡುತ್ತಿದ್ದರೆ ಮೂಲ ಊರು ಅದೇ ಅನ್ನಲು ಅದು ಬಲವಾದ ಸಾಕ್ಷಿ.

ಹಳೇಪಹಣಿ:
ಮೊದಲ ಸರ್ವೆಯ ನಕ್ಷೆಯಲ್ಲಿ ಗ್ರಾಮಠಾಣಾ ಎಲ್ಲಿದೆ ನೋಡಿ. ಆ ಸರ್ವೆ 1898ಕ್ಕೂ ಮುಂಚಿನದಾಗಿದ್ದು, ಅದರಲ್ಲೇ ಈಗಿನ ಜಾಗದಲ್ಲಿ ತೋರಿಸಿದ್ದರೆ ಊರು ಪ್ಲೇಗಿಗೂ ಮುಂಚೆ ಸ್ಥಳಾಂತರವಾಗಿದೆ ಅಂತಾಯಿತು, ಪ್ಲೇಗಿನ ಕಥೆ ಕೈಬಿಡಿ. ದಿಬ್ಬವೇ ಬೇರೆ ಕಂದಾಯ ಗ್ರಾಮವಾಗಿದ್ದು ಬೇಚಿರಾಕ್ (ಜನವಸತಿ ಇಲ್ಲದ್ದು) ಅಂತ ನಮೂದಾಗಿದ್ದರೆ ಅದು ನಿಮ್ಮ ಊರಿನ ಹಳೇ ಜಾಗ ಅಲ್ಲದೆಯೂ ಇರಬಹುದು, ಜನ ಇಲ್ಲದ ಇನ್ನೊಂದು ಊರು. ಅದರ ಪಹಣಿಯ ಹೆಸರುಗಳು ನಿಮ್ಮೂರಿನ ಮನೆತನಗಳದ್ದೇ ಆಗಿವೆಯೇ ತಾಳೆ ನೋಡಿ.

ಶಾಸನಾಸಕ್ತ:
ದಿಬ್ಬದಲ್ಲಿ ಗುದ್ದಲಿ ಹಾಕಬೇಡಿ. ಉತ್ತ ಮೇಲೆ, ಒಂದು ಮಳೆ ಬಿದ್ದ ಮೇಲೆ ನಡೆದರೆ ಬೋಕಿ (ಮಡಕೆ ಚೂರು), ಇಟ್ಟಿಗೆ ಚೂರು, ಕಬ್ಬಿಣದ ಕಿಟ್ಟ (ಕರಗಿಸಿದಾಗ ಉಳಿದ ಕಸರು) ಮೇಲೆಯೇ ಕಾಣುತ್ತವೆ. ಫೋಟೊ ತೆಗೆದು ಸರ್ವೆ ನಂಬರ್ ಬರೆದು ಅಲ್ಲೇ ಬಿಡಿ. ಒಳಮೈ ಕಪ್ಪು ಹೊರಮೈ ಕೆಂಪು ಇರುವ ನುಣುಪಾದ ಬೋಕಿ, ನಯಗೊಳಿಸಿದ ಕಲ್ಲಿನ ಕೊಡಲಿ ಕಂಡರೆ ಅದು ಶಾಸನಗಳಿಗಿಂತ ತುಂಬಾ ಹಿಂದಿನ ನೆಲೆ, ತಕ್ಷಣ ಇಲಾಖೆಗೆ ತಿಳಿಸಿ. ಪುಸ್ತಕದಲ್ಲಿ ದಿಬ್ಬದ ಜಿಪಿಎಸ್ ಗುರುತು ಹಾಕಬೇಡಿ, ಹೋಬಳಿ ಮಟ್ಟದ ವಿವರ ಸಾಕು. ನಿಖರ ಜಾಗ ಪಂಚಾಯ್ತಿ ಮತ್ತು ಇಲಾಖೆಯ ಪ್ರತಿಯಲ್ಲಿ ಇರಲಿ.

ಹಳೇಪಹಣಿ:
ಅಚ್ಚಿಗೆ ಕೊಡುವ ಮುಂಚೆ ಇನ್ನೊಂದು. ಈಚಿನ ಮ್ಯುಟೇಷನ್, ಭೂನ್ಯಾಯ ಮಂಡಳಿ ಕಡತದಲ್ಲಿ ಕಂಡ ಹೆಸರುಗಳನ್ನು ಹಾಗೇ ಅಚ್ಚು ಹಾಕಿದರೆ ಪುಸ್ತಕ ನ್ಯಾಯಾಲಯದಲ್ಲಿ ಹಾಜರಾಗುತ್ತೆ, ಊರಲ್ಲಿ ಜಗಳ ಶುರುವಾಗುತ್ತೆ. 1974ರ ಈಚಿನದ್ದಕ್ಕೆ ಹೆಸರು ಬಿಟ್ಟು ವಿಸ್ತೀರ್ಣ, ಬೆಳೆ, ಬದಲಾವಣೆ ಬರೆಯಿರಿ. ವಂಶಾವಳಿಯನ್ನು ಆಯಾ ಮನೆಯವರಿಗೆ ಓದಿ ಹೇಳಿ, ಒಪ್ಪಿದ ಮೇಲೆ ಸೇರಿಸಿ. ಪ್ರತಿ ಪ್ಯಾರಾದ ಕೆಳಗೆ ಆಧಾರ ಶಾಸನವೋ, ಕಡತವೋ, ಹೇಳಿಕೆಯೋ ಅಂತ ನಮೂದಿಸಿ. ಎರಡು ಹೇಳಿಕೆ ಬೇರೆಬೇರೆ ಇದ್ದರೆ ಎರಡನ್ನೂ ಹಾಕಿ. ಮೂಲ ಫೋಟೊ, ಧ್ವನಿಮುದ್ರಿಕೆಗಳ ಒಂದೊಂದು ಪ್ರತಿ ಶಾಲೆಯಲ್ಲಿ, ಪಂಚಾಯ್ತಿಯಲ್ಲಿ, ತಾಲ್ಲೂಕಿನ ಗ್ರಂಥಾಲಯದಲ್ಲಿ ಇಡಿ. ಫೋಟೊ ಕಡತದ ಹೆಸರಲ್ಲೇ ಸರ್ವೆ ನಂಬರ್, ದಿನಾಂಕ, ಕಲ್ಲು ಮುಖ ಮಾಡಿದ ದಿಕ್ಕು ಇರಲಿ. ನಾಳೆ ಯಾರಾದರೂ ಆ ಕಲ್ಲನ್ನು ಕದಲಿಸಿದರೆ ಅದು ಎಲ್ಲಿತ್ತು ಅನ್ನೋದಕ್ಕೆ ನಿಮ್ಮ ಆ ಫೋಟೊವನ್ನೇ ನೋಡಬೇಕಾಗುತ್ತೆ.

ಗಡಿಕಲ್ಲು:
ಆಗಲಿ ಸರ್. ಹಿರಿಯರ ಧ್ವನಿಮುದ್ರಣ ಮೊದಲು, ಜೊತೆಜೊತೆಗೆ ಗ್ರಾಮ ನಕ್ಷೆ, ಆಕಾರಬಂದ್‌ಗೆ ಅರ್ಜಿ. ಹೋಬಳಿಯ ಶಾಸನದ ಪುಟಗಳನ್ನು ಪೂರ್ತಿ ಓದಿ, ಬರಹದ ಕಲ್ಲಿನ ನಾಲ್ಕು ಕಡೆ ಬೆಳಕಿನ ಫೋಟೊ ತೆಗೆದು ಇಲ್ಲೇ ಹಾಕ್ತೀವಿ. ಓದಲು ನೆರವಾಗಿ.